ಬಡಾವಣೆಯ ಮೆಕ್ಸಿಕನ್ ಹೋಟೆಲಿನಲ್ಲಿ ಊಟ: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಕನ್ನಡಿಗರು ಎಲ್ಲೇ ಮನೆ ಮಾಡಿದರೂ ಹತ್ತಿರದಲ್ಲೊಂದು ಟಕೇರಿಯಾ, ಅಂದರೆ ಟಾಕೋ ಮಾರುವ ಮೆಕ್ಸಿಕನ್ ಹೋಟೆಲು, ಇದ್ದೇ ಇರುತ್ತದೆ. ಆದರೂ ಹೊಸದಾಗಿ ಬಂದವರು, ಊರಿನಿಂದ ಬಂದ ಅಪ್ಪ ಅಮ್ಮಂದಿರು ಬಾಗಿಲವರೆಗೆ ಹೋಗಿ ವಾಪಸಾಗುವುದುಂಟು. ಬೋರ್ಡಿನ ಮೇಲಿನ ಹೆಸರುಗಳು ಅರ್ಥವಾಗುವುದಿಲ್ಲ, ಯಾವುದರಲ್ಲಿ ಏನು ಸೇರಿದೆಯೋ ಎಂಬ ಅಳುಕು. ಈ ಅಡುಗೆಯನ್ನು ತುಂಬ ಇಷ್ಟಪಡುವ ನನ್ನನ್ನು ಸ್ನೇಹಿತರು, ನೆಂಟರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಬಡಾವಣೆಯ ಹೋಟೆಲು ಅಂದರೆ ಯಾವುದು? ಗುರುತಿಸುವುದು ಹೇಗೆ?

ಮೆಕ್ಸಿಕೋದಿಂದ ಬಂದ ಕುಟುಂಬಗಳು ತಮ್ಮವರಿಗಾಗಿ ನಡೆಸುವ ಹೋಟೆಲು. ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್ ಬಡಾವಣೆಯ 24ನೇ ಬೀದಿ, ಓಕ್ಲೆಂಡಿನ ಫ್ರೂಟ್‌ವೇಲ್, ಸ್ಯಾನ್ ಹೋಸೆಯ ಪೂರ್ವ ಭಾಗ, ರೆಡ್‌ವುಡ್ ಸಿಟಿಯ ಮಿಡಲ್‌ಫೀಲ್ಡ್ ರಸ್ತೆ, ಇಲ್ಲೆಲ್ಲ ಇಂಥವು ಸಾಲುಸಾಲಾಗಿವೆ. ಮಧ್ಯಾಹ್ನ ಕಟ್ಟಡ ಕೆಲಸದವರು, ತೋಟದ ಕೆಲಸದವರು ಸಾಲಿನಲ್ಲಿ ನಿಂತಿದ್ದರೆ, ಶನಿವಾರ ಭಾನುವಾರದ ವಿಶೇಷ ಅಡುಗೆಯನ್ನು ಕೈಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದರೆ, ಸಾಲ್ಸಾ ಎಂಬ ಖಾರದ ಚಟ್ನಿ ಒಂದೇ ಬಗೆಯದಲ್ಲದೆ ಮೂರು ನಾಲ್ಕು ಬಗೆ ಇಟ್ಟಿದ್ದರೆ ಧೈರ್ಯವಾಗಿ ಒಳಗೆ ಹೋಗಿ.

ಒಳಗೆ ಹೋದ ಮೇಲೆ ಕೇಳಬೇಕಾದ ಮೊದಲ ಮಾತು, ‘ನೀವು ಮೆಕ್ಸಿಕೋದಲ್ಲಿ ಯಾವ ಕಡೆಯವರು?’ ಕರಾವಳಿಯ ಊಟವೇ ಬೇರೆ, ಬಿಜಾಪುರದ ಕಡೆಯ ಊಟವೇ ಬೇರೆ ಎಂದು ನಮಗೆ ಹೇಳಿಕೊಡಬೇಕಿಲ್ಲ. ಮೆಕ್ಸಿಕೋದಲ್ಲೂ ರಾಜ್ಯಕ್ಕೊಂದು ಅಡುಗೆ. ರೆಡ್‌ವುಡ್ ಸಿಟಿಯಲ್ಲಿ ನೆಲೆಸಿದ ಬಹಳಷ್ಟು ಮಂದಿ ಮಿಚೋಆಕಾನ್ ರಾಜ್ಯದ ಅಗಿಲೀಯಾ ಎಂಬ ಊರಿನ ಕಡೆಯವರು. ಮಿಚೋಆಕಾನ್ ಎಂದರೆ ಕಾರ್ನೀತಾಸ್ ಎಂಬ ಹಂದಿಮಾಂಸದ ಅಡುಗೆ. ಹಲಿಸ್ಕೋದವರಾದರೆ ಬಿರಿಯಾ ಎಂಬ ಆಡಿನ ಮಾಂಸದ ಅಡುಗೆ, ವಹಾಕಾದವರಾದರೆ ಮೋಲೆ ಎಂಬ ಗಟ್ಟಿ ಸಾರು, ಯುಕತಾನಿನವರಾದರೆ ಅಚಿಯೋಟೆ ಬೀಜದ ಕೆಂಪು ಮಸಾಲೆ ಹಚ್ಚಿ ನಿಧಾನವಾಗಿ ಬೇಯಿಸಿದ ಮಾಂಸ. ಬೋರ್ಡಿನಲ್ಲಿ ಐವತ್ತು ತಿಂಡಿ ಇರಲಿ, ಆ ಮನೆಯವರ ಕೈ ಪಳಗಿದ್ದು ನಾಲ್ಕೈದರಲ್ಲಿ. ಅದನ್ನೇ ತಿನ್ನಿ.

ಬೆಂಗಳೂರಿನ ಮಾಲ್‌ನಲ್ಲಿ ತಿಂದ ಟಾಕೋ ಇದೇ ಅಲ್ಲವೇ?

ಅಲ್ಲ. ಮಾಲ್‌ಗಳಲ್ಲಿ ಕಾಣುವ ಟಾಕೋ ಬೆಲ್ ಕಂಪನಿಯನ್ನು ಗ್ಲೆನ್ ಬೆಲ್ 1962ರಲ್ಲಿ ಲಾಸ್ ಏಂಜಲೀಸ್ ಹತ್ತಿರದ ಡೌನಿಯಲ್ಲಿ ಆರಂಭಿಸಿದರು. ಅದಕ್ಕೂ ಮೊದಲು ಅವರ ಅಂಗಡಿ ಸ್ಯಾನ್ ಬರ್ನಾರ್ಡಿನೋದಲ್ಲಿ, 1937ರಿಂದ ನಡೆಯುತ್ತಿದ್ದ ಮಿತ್ಲಾ ಕೆಫೆ ಎಂಬ ಮೆಕ್ಸಿಕನ್ ಹೋಟೆಲಿನ ಎದುರಿಗಿತ್ತು. ಕರಿದ ಗಟ್ಟಿ ಟಾಕೋ ಅವರು ಕಂಡದ್ದು ಅಲ್ಲಿಯೇ. ಹಾಗಾಗಿ ಗರಿಗರಿ ಟಾಕೋ ಕೂಡ ಮೆಕ್ಸಿಕನ್ ಕುಟುಂಬಗಳ ಅಡುಗೆಮನೆಯಿಂದಲೇ ಬಂದದ್ದು, ಅದನ್ನು ಕೀಳಾಗಿ ಕಾಣಬೇಕಾಗಿಲ್ಲ. ಆದರೆ ಟಕೇರಿಯಾದಲ್ಲಿ ನಿಮ್ಮ ತಟ್ಟೆಗೆ ಬರುವುದು ಮೆತ್ತಗಿನ ಬಿಸಿ ಟೊರ್ಟಿಯಾ ಎಂಬ ರೊಟ್ಟಿ, ಮೇಲೆ ಹುರಿದ ಅಥವಾ ಬೇಯಿಸಿದ ಹೂರಣ, ಸಣ್ಣಗೆ ಹೆಚ್ಚಿದ ಈರುಳ್ಳಿ, ಕೊತ್ತಂಬರಿ ಸೊಪ್ಪು, ಪಕ್ಕದಲ್ಲಿ ನಿಂಬೆ ಹೋಳು. ಹಳದಿ ಚೀಸ್ ತುರಿ ಇಲ್ಲ, ಲೆಟ್ಯೂಸ್ ಇಲ್ಲ.

ಟೊರ್ಟಿಯಾ ಬಗ್ಗೆ ಇಷ್ಟೊಂದು ಮಾತೇಕೆ? ಅದೂ ಒಂದು ರೊಟ್ಟಿ ತಾನೇ?

ಈ ಊಟದ ಜೀವ ಇರುವುದೇ ಅದರಲ್ಲಿ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಒಣಗಿದ ಮೆಕ್ಕೆಜೋಳದ ಕಾಳನ್ನು ಸುಣ್ಣ ಬೆರೆಸಿದ ನೀರಿನಲ್ಲಿ ಬೇಯಿಸಿ ರಾತ್ರಿಯಿಡೀ ನೆನೆಸಿಡುತ್ತಾರೆ. ನಮ್ಮಲ್ಲಿ ವೀಳ್ಯದೆಲೆಗೆ ಹಚ್ಚುತ್ತಾರಲ್ಲ, ಅದೇ ಸುಣ್ಣ. ಬೆಳಗ್ಗೆ ತೊಳೆದಾಗ ಕಾಳಿನ ಸಿಪ್ಪೆ ಬಿಡುತ್ತದೆ. ಹೀಗೆ ಹದವಾದ ಕಾಳಿಗೆ ನಿಶ್ತಮಾಲ್ ಎನ್ನುತ್ತಾರೆ, ಅದನ್ನು ರುಬ್ಬಿದ ಹಿಟ್ಟಿಗೆ ಮಾಸಾ. ಮೆಕ್ಕೆಜೋಳದ ಒಣಹಿಟ್ಟಿನಲ್ಲಿ ರೊಟ್ಟಿ ತಟ್ಟಿ ನೋಡಿದವರಿಗೆ ಅಂಚು ಬಿರಿಯುವುದು ಗೊತ್ತು. ಮಾಸಾ ಹಾಗೆ ಬಿರಿಯುವುದಿಲ್ಲ, ಎಣ್ಣೆ ಮೈದಾ ಯಾವುದೂ ಇಲ್ಲದೆ ಕೂಡಿಕೊಳ್ಳುತ್ತದೆ. ಮಡಚಿದರೂ ಹರಿಯುವುದಿಲ್ಲ.

ಸುಣ್ಣದಿಂದ ಇನ್ನೊಂದು ದೊಡ್ಡ ಉಪಕಾರವಿದೆ. ಮೆಕ್ಕೆಜೋಳದಲ್ಲಿರುವ ನಯಾಸಿನ್ ಎಂಬ ಜೀವಸತ್ವ ಹಾಗೆಯೇ ತಿಂದರೆ ನಮ್ಮ ಮೈಗೆ ಹತ್ತುವುದಿಲ್ಲ, ಸುಣ್ಣದಲ್ಲಿ ಬೆಂದರೆ ಹತ್ತುತ್ತದೆ. ಯುರೋಪಿನವರು ಮೆಕ್ಕೆಜೋಳವನ್ನು ಹಡಗಿನಲ್ಲಿ ಒಯ್ದರು, ಈ ಪದ್ಧತಿಯನ್ನು ಒಯ್ಯಲಿಲ್ಲ. ಅದನ್ನೇ ನೆಚ್ಚಿಕೊಂಡ ಉತ್ತರ ಇಟಲಿಯ ಬಡವರಲ್ಲೂ ಮುಂದೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲೂ ಪೆಲ್ಲಾಗ್ರ ಎಂಬ ಕಾಯಿಲೆ ಹರಡಿ ಅಪಾರ ಜನ ನರಳಿದರು. ದಾವಣಗೆರೆ, ಹಾವೇರಿ ಕಡೆಯ ಹೊಲಗಳಲ್ಲಿ ನಿಂತಿರುವ ಮೆಕ್ಕೆಜೋಳದ ತವರೂ ಮೆಕ್ಸಿಕೋವೇ. ನಮಗೂ ಬೆಳೆ ಮಾತ್ರ ಬಂತು, ಸುಣ್ಣದ ವಿದ್ಯೆ ಬರಲಿಲ್ಲ. ಸಾವಿರಾರು ವರ್ಷ ಹಿಂದೆ ಆ ಕಡೆಯ ಜನ ಕಂಡುಕೊಂಡ ಇದನ್ನು ನಾನು ಜಗತ್ತಿನ ದೊಡ್ಡ ವಿಜ್ಞಾನಗಳಲ್ಲಿ ಒಂದೆಂದೇ ಎಣಿಸುತ್ತೇನೆ.

ಎಲ್ಲ ಹೋಟೆಲಿನವರೂ ಕಾಳು ಬೇಯಿಸಿ ರುಬ್ಬುವುದಿಲ್ಲ. ಕೆಲವರು ಸಿದ್ಧ ಒಣಹಿಟ್ಟು ಕಲಸುತ್ತಾರೆ, ಕೆಲವರು ಪ್ಯಾಕೆಟ್ ತರುತ್ತಾರೆ. ‘ಟೊರ್ಟಿಯಾಸ್ ಎಚಾಸ್ ಆ ಮಾನೋ’ ಎಂದು ಬರೆದಿದ್ದರೆ ಕೈಯಲ್ಲೇ ತಟ್ಟಿದ್ದು ಅಥವಾ ಒತ್ತಿದ್ದು. ಹೆಂಚಿನಿಂದ ಇಳಿದ ತಕ್ಷಣ ಉಪ್ಪು ಉದುರಿಸಿ ಬರಿದೇ ಒಂದನ್ನು ತಿಂದು ನೋಡಿ.

ಗೋಧಿ ಟೊರ್ಟಿಯಾ ಮೆಕ್ಸಿಕೋದ್ದಲ್ಲವೇ?

ಅದೂ ಅಲ್ಲಿಯದೇ. ಸೊನೋರಾದಂಥ ಉತ್ತರದ ರಾಜ್ಯಗಳಲ್ಲಿ ಗೋಧಿಯದೇ ರೂಢಿ. ಗೋಧಿ ಒಗ್ಗದವರು ಮೆಕ್ಕೆಜೋಳದ್ದನ್ನೇ ಕೇಳಿ, ‘ದೆ ಮಾಯಿಸ್’ ಎಂದರೆ ಸಾಕು.

ನಾವು ಸಸ್ಯಾಹಾರಿಗಳು. ನಿಜಕ್ಕೂ ತಿನ್ನಬಹುದೇ?

ತಿನ್ನಬಹುದು, ಆದರೆ ಕೇಳಿ ತಿನ್ನಬೇಕು. ಕಣ್ಣಿಗೆ ಕಾಣುವ ಮಾಂಸವನ್ನು ಬಿಡುವುದು ಸುಲಭ. ಕಷ್ಟ ಇರುವುದು ಕಾಣದೆ ಸೇರಿದ್ದರಲ್ಲಿ.

ಮೊದಲನೆಯದು ಬೀನ್ಸ್ ಕಾಳು. ‘ಫ್ರಿಹೋಲೆಸ್ ರೆಫ್ರೀತೋಸ್’ ಎಂಬ ಮಸೆದ ಕಾಳಿನ ಪಲ್ಯಕ್ಕೆ ಸಂಪ್ರದಾಯವಾಗಿ ಹಾಕುವುದು ಹಂದಿ ಕೊಬ್ಬು, ಅದಕ್ಕೆ ‘ಮಾಂತೇಕಾ’ ಎನ್ನುತ್ತಾರೆ. ಬೇ ಏರಿಯಾದಲ್ಲಿ ಎಷ್ಟೋ ಕಡೆ ಈಗ ಎಣ್ಣೆ ಬಳಸಿ, ಹಂದಿ ಕೊಬ್ಬು ಇಲ್ಲವೆಂದು ಬೋರ್ಡಿನಲ್ಲೇ ಬರೆಯುತ್ತಾರೆ. ಬರೆದಿಲ್ಲದಿದ್ದರೆ ಕೇಳಿ. ಮಸೆಯದ ಇಡೀ ಕಾಳು ಹೆಚ್ಚು ಸುರಕ್ಷಿತ, ಆದರೂ ಅದರಲ್ಲಿ ಕೆಲವರು ಬೇಕನ್ ಅಥವಾ ಚೊರೀಸೋ ಎಂಬ ಮಸಾಲೆ ಸಾಸೇಜ್ ಹಾಕುವುದುಂಟು.

ಎರಡನೆಯದು ಅನ್ನ. ಟೊಮೆಟೊ ಹಾಕಿದ ಕೆಂಪು ಅನ್ನ ನೋಡಿದರೆ ಏನೂ ಅನುಮಾನ ಬರುವುದಿಲ್ಲ, ಆದರೆ ಅದನ್ನು ಬಹಳ ಸಲ ಕೋಳಿ ಬೇಯಿಸಿದ ರಸದಲ್ಲಿ ಅಥವಾ ಅದರ ಪುಡಿ ಬೆರೆಸಿದ ನೀರಿನಲ್ಲಿ ಬೇಯಿಸಿರುತ್ತಾರೆ. ಸಸ್ಯಾಹಾರಿ ಸ್ನೇಹಿತರು ಹೆಚ್ಚಾಗಿ ತಪ್ಪುವುದು ಇಲ್ಲಿಯೇ.

ಸಿಪ್ಪೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸುವ ತಮಾಲೆಗಳ ಹಿಟ್ಟಿಗೂ ಮಾಂತೇಕಾ ಸೇರಿಸಿ ನಾದುತ್ತಾರೆ. ಒಳಗೆ ಚೀಸ್ ಮೆಣಸಿನಕಾಯಿ ಮಾತ್ರ ಇದ್ದರೂ ಹಿಟ್ಟಿನಲ್ಲಿ ಕೊಬ್ಬು ಇರಬಹುದು. ಗೋಧಿ ಟೊರ್ಟಿಯಾದಲ್ಲೂ ಇರಬಹುದು. ಮೆಕ್ಕೆಜೋಳದ ಸಾದಾ ಟೊರ್ಟಿಯಾದಲ್ಲಿ ಇರುವುದು ಮೆಕ್ಕೆಜೋಳ, ಸುಣ್ಣ, ನೀರು ಮಾತ್ರ. ಚೀಸ್ ತಯಾರಿಕೆಯಲ್ಲಿ ಹಾಲು ಒಡೆಸಲು ಕರುವಿನ ಹೊಟ್ಟೆಯ ರೆನೆಟ್ ಬಳಸಿರಬಹುದು ಎಂದು ದೂರ ಇಡುವವರು ‘ಸಿನ್ ಕೇಸೋ’ (ಚೀಸ್ ಬೇಡ) ಎನ್ನಿ. ಹೂರಣ ಬಿಸಿ ಮಾಡುವ ಕಾವಲಿ ಮಾಂಸಕ್ಕೂ ತರಕಾರಿಗೂ ಒಂದೇ ಆಗಿರುವುದೇ ಹೆಚ್ಚು. ಅದು ನಿಮಗೆ ಆಗದಿದ್ದರೆ ತಣ್ಣಗಿನ ಪದಾರ್ಥಗಳಿಗೆ, ಕಾಳು ಮತ್ತು ಬೆಣ್ಣೆಹಣ್ಣು ಮಸೆದ ಗ್ವಾಕಮೋಲೆಗಳಿಗೆ ನಿಲ್ಲಿಸಿಕೊಳ್ಳುವುದೇ ಲೇಸು.

‘ಸಿನ್ ಕಾರ್ನೆ’, ಅಂದರೆ ಮಾಂಸ ಬೇಡ, ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಆ ಮಾತಿಗೆ ದನದ ಮಾಂಸ ಬೇಡವೆಂದು ತಿಳಿದು ಕೋಳಿ ಹಾಕಿಕೊಡುವವರಿದ್ದಾರೆ. ಹೀಗೆ ಕೇಳಿ: ‘ಲೋಸ್ ಫ್ರಿಹೋಲೆಸ್ ಯೇವಾನ್ ಮಾಂತೇಕಾ?’ (ಕಾಳಿಗೆ ಹಂದಿ ಕೊಬ್ಬು ಹಾಕಿದ್ದೀರಾ?), ‘ಎಲ್ ಅರ್ರೋಸ್ ಯೇವಾ ಕಾಲ್ದೋ ದೆ ಪೋಯೋ?’ (ಅನ್ನಕ್ಕೆ ಕೋಳಿ ರಸ ಹಾಕಿದ್ದೀರಾ?). ಕೇಳಿದರೆ ಬೇಸರಿಸುವ ಅಡುಗೆಯವರನ್ನು ನಾನು ಕಂಡಿಲ್ಲ. ಒಳಗೆ ಹೋಗಿ ವಿಚಾರಿಸಿಕೊಂಡು ಬಂದು ಹೇಳುತ್ತಾರೆ.

ಹಾಗಾದರೆ ಸಸ್ಯಾಹಾರಿಗಳು ತರಿಸಬೇಕಾದ್ದು ಏನು?

ಗೋಧಿ ಟೊರ್ಟಿಯಾದಲ್ಲಿ ಬರೀ ಅನ್ನ, ಕಾಳು, ಚೀಸ್ ಸುತ್ತಿದ ಬುರಿಟೋದಲ್ಲೇ ನಿಂತುಬಿಟ್ಟವರು ಬಹಳ ಜನ. ಅದು ಸಾಲದು. ಬೋರ್ಡಿನಲ್ಲಿ ‘ನೊಪಾಲೆಸ್’ ಎಂದಿದ್ದರೆ ಬಿಡಬೇಡಿ. ಅದು ಪಾಪಾಸುಕಳ್ಳಿಯ ಎಳೆಯ ಎಲೆ. ಮುಳ್ಳು ತೆಗೆದು ಹೆಚ್ಚಿ ಹುರಿದರೆ ಹುಳಿಯಾಗಿ, ಸ್ವಲ್ಪ ಲೋಳೆಯಾಗಿ, ಬೆಂಡೆಕಾಯಿ ಇಷ್ಟಪಡುವವರಿಗೆ ಹಿಡಿಸುತ್ತದೆ. ನಮ್ಮೂರುಗಳಲ್ಲಿ ಬೇಲಿಗೆ ಬೆಳೆದ ಆ ಗಿಡವೂ ಆ ಕಡೆಯಿಂದಲೇ ಬಂದದ್ದು.

‘ರಾಹಾಸ್’ ಎಂದರೆ ಸುಟ್ಟು ಸಿಪ್ಪೆ ತೆಗೆದು ಸೀಳಿದ ಪೊಬ್ಲಾನೋ ಮೆಣಸಿನಕಾಯಿ, ಕೆನೆಯಲ್ಲೋ ಚೀಸ್‌ನಲ್ಲೋ ಬೆರೆಸಿದ್ದು. ಕುಂಬಳದ ಹೂವು ತುಂಬಿ ಮಡಚಿದ ಟೊರ್ಟಿಯಾ (ಕೇಸದಿಯಾ), ಆಲೂಗಡ್ಡೆಯ ಟಾಕೋ, ಅಣಬೆಯದು, ಇವೆಲ್ಲ ಮೆಕ್ಸಿಕೋದ ಮನೆಗಳಲ್ಲಿ ಮಾಡುವವೇ, ಸಸ್ಯಾಹಾರಿಗಳಿಗೆಂದು ಹೊಸದಾಗಿ ಕಟ್ಟಿದ್ದಲ್ಲ. ‘ವಿತ್ಲಾಕೋಚೆ’ ಸಿಕ್ಕರೆ ನಿಮ್ಮ ಅದೃಷ್ಟ. ಮೆಕ್ಕೆಜೋಳದ ತೆನೆಗೆ ಕಾಡಿಗೆ ರೋಗ ತಗುಲಿ ಕಾಳು ಉಬ್ಬಿ ಕಪ್ಪಾಗುತ್ತದಲ್ಲ, ಅದನ್ನು ಅವರು ಅಣಬೆಯಂತೆ ಹುರಿದು ತಿನ್ನುತ್ತಾರೆ. ನೋಡಲು ಕಪ್ಪು, ರುಚಿ ಬಹಳ ಆಳ. ಚೀಸ್ ತುಂಬಿದ ಮೆಣಸಿನಕಾಯಿ ‘ಚೀಲೆ ರೆಯೇನೋ’ಗೆ ಮೊಟ್ಟೆಯ ಹೊದಿಕೆ ಇರುತ್ತದೆ. ಸುಟ್ಟ ಮೆಕ್ಕೆಜೋಳದ ತೆನೆಗೆ ಹಚ್ಚುವ ಮಯೊನೇಸ್‌ನಲ್ಲೂ ಮೊಟ್ಟೆ ಇದೆ.

ಈರುಳ್ಳಿ ಬೆಳ್ಳುಳ್ಳಿ ತಿನ್ನದವರಿಗೆ?

ಊಟ ಕಷ್ಟ. ಸಾಲ್ಸಾ, ಕಾಳು, ಅನ್ನ ಎಲ್ಲದರಲ್ಲೂ ಅವೆರಡೂ ಇರುತ್ತವೆ. ನಿಂಬೆರಸ, ಉಪ್ಪು, ಮೆಣಸಿನಪುಡಿ ಉದುರಿಸಿದ ಹಣ್ಣಿನ ಹೋಳು, ಮಯೊನೇಸ್ ಹಚ್ಚದ ತೆನೆ, ಬಿಸಿ ಟೊರ್ಟಿಯಾ, ಹಣ್ಣಿನ ಪಾನಕ ಇಷ್ಟು ಸಿಗುತ್ತವೆ. ಬೆಣ್ಣೆಹಣ್ಣು ಎದುರಿಗೇ ಮಸೆಯುವ ಕಡೆ ಈರುಳ್ಳಿ ಇಲ್ಲದ ಗ್ವಾಕಮೋಲೆ ಮಾಡಿಕೊಡುತ್ತಾರೆ.

ಮಾಂಸ ತಿನ್ನುತ್ತೇವೆ, ಆದರೆ ದನದ್ದು ಅಥವಾ ಹಂದಿಯದು ಬೇಡ. ಯಾವ ಹೆಸರು ಯಾವುದು?

‘ಕಾರ್ನೆ ಆಸಾದಾ’, ‘ಸುವಾದೇರೋ’, ‘ಲೆಂಗ್ವಾ’ (ನಾಲಿಗೆ), ‘ಕಾಬೇಸಾ’ (ತಲೆಮಾಂಸ) ಎಲ್ಲವೂ ದನದ್ದು. ‘ಕಾರ್ನೀತಾಸ್’, ‘ಆಲ್ ಪಾಸ್ತೋರ್’, ‘ಚಿಚರ್ರೋನ್’ ಹಂದಿಯದು, ‘ಚೊರೀಸೋ’ ಕೂಡ ಸಾಮಾನ್ಯವಾಗಿ ಹಂದಿಯದೇ. ‘ಬಿರಿಯಾ’ ಹಲಿಸ್ಕೋದಲ್ಲಿ ಆಡಿನದು, ಇಲ್ಲಿ ಹೆಚ್ಚಾಗಿ ದನದ್ದು, ಕೇಳಲೇಬೇಕು. ಬಾರ್ಬಕೋವಾ ಮೆಕ್ಸಿಕೋದ ಮಧ್ಯಭಾಗದಲ್ಲಿ ಕುರಿಯದು, ಇಲ್ಲಿ ಅದೂ ಬಹುಪಾಲು ದನದ್ದು. ‘ಪೋಯೋ’ ಕೋಳಿ, ‘ಪೆಸ್ಕಾದೋ’ ಮೀನು, ‘ಕಾಮರೋನ್’ ಸಿಗಡಿ, ‘ಚೀವೋ’ ಆಡು.

ಆಲ್ ಪಾಸ್ತೋರ್ ತಿನ್ನುವವರು ಅದು ಸುತ್ತುತ್ತಿರುವ ಕಂಬವನ್ನು ಒಮ್ಮೆ ನೋಡಬೇಕು. ಲೆಬನಾನ್ ಕಡೆಯಿಂದ ಮೆಕ್ಸಿಕೋಗೆ ವಲಸೆ ಬಂದವರು ತಂದ ಶವರ್ಮಾದ ಪದ್ಧತಿ ಅದು. ಕುರಿಮಾಂಸದ ಜಾಗಕ್ಕೆ ಹಂದಿ ಬಂತು, ಮಸಾಲೆಗೆ ಒಣಮೆಣಸಿನಕಾಯಿ ಮತ್ತು ಅಚಿಯೋಟೆ ಬಂದವು, ತುದಿಯಲ್ಲಿ ಅನಾನಸ್ ಕೂತಿತು.

ತುಂಬ ಖಾರ ಇರುತ್ತದೆಯೇ?

ತಟ್ಟೆಯಲ್ಲಿರುವ ಅಡುಗೆ ಖಾರ ಕಡಿಮೆ. ಖಾರ ಇರುವುದು ಸಾಲ್ಸಾದಲ್ಲಿ, ಎಷ್ಟು ಬೇಕೋ ಅಷ್ಟು ನೀವೇ ಹಾಕಿಕೊಳ್ಳಬೇಕು. ಬಣ್ಣ ನೋಡಿ ಅಳೆಯಬೇಡಿ, ಹಸಿರು ಸಾಲ್ಸಾ ಕೆಂಪಿಗಿಂತ ಖಾರವಾಗಿರುವುದು ಎಷ್ಟೋ ಸಲ. ಗ್ವಾಹೀಯೋ ಎಂಬ ಒಣಮೆಣಸಿನಕಾಯಿ ನಮ್ಮ ಬ್ಯಾಡಗಿಯ ಹಾಗೆ, ಬಣ್ಣ ಜಾಸ್ತಿ, ಖಾರ ಕಡಿಮೆ. ‘ಆರ್ಬೋಲ್’ ಎಂದರೆ ಜೋಪಾನ. ಕಿತ್ತಳೆ ಬಣ್ಣದ ಹಬನೇರೋ ಸಾಲ್ಸಾ ಹನಿಯಷ್ಟೇ ಸಾಕು. ಹಾಲಪೇನ್ಯೋ ಹಣ್ಣಾಗಿ ಹೊಗೆಯಲ್ಲಿ ಒಣಗಿದರೆ ಚಿಪೋಟ್ಲೆ, ಪೊಬ್ಲಾನೋ ಒಣಗಿದರೆ ಆಂಚೋ. ಮೆಣಸಿನಕಾಯಿ 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬಂದದ್ದು, ಅದಕ್ಕೂ ಬಹಳ ಹಿಂದಿನಿಂದ ಮೆಕ್ಸಿಕೋದವರು ಅದರಲ್ಲಿ ಬಗೆಬಗೆ ಬೆಳೆಸಿ, ಒಣಗಿಸಿ, ಸುಟ್ಟು ಪಳಗಿದ್ದಾರೆ.

ಸಾಲ್ಸಾ ಇಟ್ಟಿರುವ ಕಡೆ ಕ್ಯಾರೆಟ್, ಹಾಲಪೇನ್ಯೋಗಳನ್ನು ವಿನೆಗರಿನಲ್ಲಿ ಹಾಕಿಟ್ಟಿರುತ್ತಾರೆ. ಉಪ್ಪಿನಕಾಯಿಯಿಲ್ಲದೆ ಊಟ ಸೇರದವರು ಅದನ್ನು ತಪ್ಪದೆ ಬಡಿಸಿಕೊಳ್ಳಿ.

ಆರ್ಡರ್ ಮಾಡುವುದು ಹೇಗೆ? ಸ್ಪ್ಯಾನಿಷ್ ಬೇಕೇ?

ಬೇಕಿಲ್ಲ, ಇಂಗ್ಲಿಷ್ ನಡೆಯುತ್ತದೆ. ಟಕೇರಿಯಾದಲ್ಲಿ ಕೌಂಟರಿನಲ್ಲೇ ಹೇಳಿ ಹಣ ಕೊಟ್ಟು ನಂಬರ್ ತೆಗೆದುಕೊಳ್ಳುತ್ತೀರಿ. ‘ಕೋನ್ ತೋದೋ?’ ಎಂದು ಕೇಳಿದರೆ ಈರುಳ್ಳಿ ಕೊತ್ತಂಬರಿ ಎಲ್ಲ ಹಾಕಲೇ ಎಂದು. ‘ಪಾರಾ ಯೇವಾರ್’ ಎಂದರೆ ಪಾರ್ಸೆಲ್. ಟಾಕೋ ಚಿಕ್ಕವು, ಒಬ್ಬರಿಗೆ ಮೂರು ನಾಲ್ಕು ಬೇಕು. ಬುರಿಟೋ ಒಂದೇ ಇಬ್ಬರಿಗಾಗುವಷ್ಟು.

ಟಾಕೋ ಚೆಲ್ಲದಂತೆ ತಿನ್ನುವುದು ಹೇಗೆ?

ಕೈಯಲ್ಲೇ. ಫೋರ್ಕ್ ಮುಟ್ಟಬೇಡಿ. ಮಡಚಿ ಹಿಡಿದು, ಟಾಕೋವನ್ನು ಓರೆ ಮಾಡುವ ಬದಲು ತಲೆಯನ್ನು ಓರೆ ಮಾಡಿ ಕಚ್ಚಿ. ಎರಡು ಟೊರ್ಟಿಯಾ ಜೋಡಿಸಿ ಕೊಟ್ಟಿದ್ದರೆ ಒಂದು ನೆನೆದರೂ ಇನ್ನೊಂದು ಹಿಡಿದುಕೊಳ್ಳಲಿ ಎಂದು. ಚೆಲ್ಲಿದ್ದನ್ನು ಎರಡನೆಯದರಲ್ಲಿ ಬಾಚಿಕೊಳ್ಳಬಹುದು. ಬಿಸಿ ಆರುವ ಮೊದಲೇ ತಿನ್ನಬೇಕು, ಮನೆಗೆ ಒಯ್ದರೆ ಟಾಕೋ ಕೆಡುತ್ತದೆ. ಮನೆಗೆ ಒಯ್ಯುವುದಾದರೆ ಬುರಿಟೋ.

ಬುರಿಟೋ ನಿಜವಾದ ಮೆಕ್ಸಿಕನ್ ಊಟವೇ?

ಉತ್ತರ ಮೆಕ್ಸಿಕೋದಲ್ಲಿ ಬುರಿಟೋ ಇದೆ, ತೆಳ್ಳಗೆ, ಒಂದೆರಡೇ ಹೂರಣದ್ದು. ಅನ್ನ, ಕಾಳು, ಮಾಂಸ, ಸಾಲ್ಸಾ ಎಲ್ಲ ತುಂಬಿ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿದ ದಪ್ಪ ಬುರಿಟೋ 1960ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್ ಬಡಾವಣೆಯಲ್ಲಿ ರೂಪುಗೊಂಡದ್ದು. ಮೊದಲು ಮಾಡಿದವರು ನಾವೇ ಎಂದು ಎಲ್ ಫಾರೋ, ಲಾ ಕುಂಬ್ರೆ ಎರಡೂ ಹೇಳಿಕೊಳ್ಳುತ್ತವೆ. ಅದೇ ಬಡಾವಣೆಯ ಲಾ ಟಕೇರಿಯಾ ಮಾತ್ರ ಬುರಿಟೋಗೆ ಅನ್ನ ಹಾಕುವುದಿಲ್ಲ, ನನಗೆ ಅದೇ ಸರಿ ಎನಿಸುತ್ತದೆ. ಮೆಕ್ಸಿಕನ್ ಕುಟುಂಬಗಳು ತಾವು ನೆಲೆಸಿದ ಊರಿನಲ್ಲಿ ಕಟ್ಟಿದ ಊಟವನ್ನು ನಕಲಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಮೋಲೆ ಅಂದರೇನು?

ಒಣಮೆಣಸಿನಕಾಯಿ, ಎಳ್ಳು, ಬಾದಾಮಿ ಅಥವಾ ಕಡಲೆಕಾಯಿ, ಚಕ್ಕೆ, ಲವಂಗ, ಸ್ವಲ್ಪ ಚಾಕೊಲೇಟ್ ಎಲ್ಲ ಬೇರೆಬೇರೆ ಹುರಿದು ನುಣ್ಣಗೆ ರುಬ್ಬಿ ಕುದಿಸಿದ ಗಟ್ಟಿ ಸಾರು. ಪ್ವೆಬ್ಲಾದ ಮೋಲೆಗೆ ಇಪ್ಪತ್ತಕ್ಕೂ ಮಿಕ್ಕ ಪದಾರ್ಥ ಬೀಳುತ್ತವೆ. ವಹಾಕಾದವರು ಏಳು ಮೋಲೆಗಳ ಹೆಸರು ಹೇಳುತ್ತಾರೆ. ಇದು ಸಿಹಿ ಚಾಕೊಲೇಟ್ ಗೊಜ್ಜಲ್ಲ, ಮೊದಲು ನಾಲಿಗೆಗೆ ಸಿಗುವುದು ಹುರಿದ ಮೆಣಸಿನಕಾಯಿಯ ಘಮ. ಮಸಾಲೆ ಹುರಿದು ರುಬ್ಬುವ ಮನೆಯಲ್ಲಿ ಬೆಳೆದವರು ಇದರ ಹಿಂದಿನ ಶ್ರಮವನ್ನು ಮೊದಲ ತುತ್ತಿಗೇ ಗುರುತಿಸುತ್ತಾರೆ. ಸಾಮಾನ್ಯವಾಗಿ ಕೋಳಿ ರಸ ಸೇರಿಸುತ್ತಾರಾದ್ದರಿಂದ ಸಸ್ಯಾಹಾರಿಗಳು ಕೇಳಬೇಕು.

ಕುಡಿಯಲು ಏನು?

ದೊಡ್ಡ ಗಾಜಿನ ಭರಣಿಗಳಲ್ಲಿ ಇಟ್ಟಿರುವ ‘ಆಗ್ವಾ ಫ್ರೆಸ್ಕಾ’ ಎಂಬ ತಂಪು ಪಾನಕಗಳು. ಓರ್ಚಾತಾ ಎಂದರೆ ನೆನೆಸಿದ ಅಕ್ಕಿ ರುಬ್ಬಿ ಸೋಸಿ ಚಕ್ಕೆ, ಸಕ್ಕರೆ ಹಾಕಿದ್ದು. ಕೆಲವರು ಹಾಲು ಸೇರಿಸುತ್ತಾರೆ. ಕಡುಗೆಂಪಿನ ಹಮಾಯ್ಕಾ ಹೂವಿನ ಬುಡದ ಕೆಂಪು ಹೊದಿಕೆಯನ್ನು ಒಣಗಿಸಿ ಮಾಡಿದ್ದು, ಆ ಗಿಡ ನಮ್ಮ ಪುಂಡಿಸೊಪ್ಪಿನ ಬಳಗದ್ದು, ಹುಳಿಯಲ್ಲೇ ಗೊತ್ತಾಗುತ್ತದೆ. ‘ತಾಮರಿಂದೋ’ ಹುಣಸೆಹಣ್ಣಿನ ಪಾನಕ. ಮೆಣಸಿನಕಾಯಿ ಅಲ್ಲಿಂದ ಬಂದರೆ ಹುಣಸೆ ಆಫ್ರಿಕಾ, ಏಷ್ಯಾದ ಕಡೆಯಿಂದ ಅಲ್ಲಿಗೆ ಹೋಯಿತು. ಊರಿನಿಂದ ಬಂದ ಹಿರಿಯರಿಗೆ ಮೊದಲು ಇದನ್ನೇ ಕೊಡಿಸಿ.

ಭಾನುವಾರ ಏನು ವಿಶೇಷ?

ಬೋಟಿಯ ಸಾರು ‘ಮೆನೂದೋ’, ಸುಣ್ಣದಲ್ಲಿ ಬೇಯಿಸಿದ ದಪ್ಪ ಮೆಕ್ಕೆಜೋಳದ ಕಾಳಿನ ‘ಪೊಸೋಲೆ’, ಬಿರಿಯಾ, ಬಾರ್ಬಕೋವಾ. ಬೆಳಗ್ಗೆಯೇ ಹೋಗಬೇಕು, ಮಧ್ಯಾಹ್ನಕ್ಕೆ ಪಾತ್ರೆ ಖಾಲಿ. ಚರ್ಚಿನಿಂದ ಬಂದ ಕುಟುಂಬಗಳು ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಕೂತು ಉಣ್ಣುತ್ತಿರುತ್ತವೆ. ನೀವೂ ಮಕ್ಕಳನ್ನು ಕರೆದುಕೊಂಡು ಹೋಗಿ, ಗಲಾಟೆ ಮಾಡಿದರೆ ಯಾರೂ ಮುಖ ಸಿಂಡರಿಸುವುದಿಲ್ಲ.

ಟಿಪ್ಸ್ ಎಷ್ಟು? ಕಾರ್ಡ್ ನಡೆಯುತ್ತದೆಯೇ?

ಟೇಬಲ್ಲಿಗೆ ತಂದು ಬಡಿಸುವ ಕಡೆ ಬಿಲ್ಲಿನ 15ರಿಂದ 20 ಶೇಕಡಾ. ಕೌಂಟರಿನ ಕಡೆ ಡಬ್ಬಕ್ಕೆ ಒಂದೆರಡು ಡಾಲರ್ ಹಾಕಿ. ಬೀದಿಯಲ್ಲಿ ಟಾಕೋ ಮಾರುವ ಟ್ರಕ್ಕಿಗೆ ಹೋಗುವಾಗ ನಗದು ಇಟ್ಟುಕೊಂಡಿರಿ.

ಮೆಕ್ಸಿಕೋಗೇ ಹೋದರೆ ಇದೇ ಪದ್ಧತಿಯೇ?

ಅಲ್ಲಿ ‘ಫೋಂದಾ’ ಎಂಬ ಚಿಕ್ಕ ಊಟದ ಮನೆಗಳನ್ನು ಹುಡುಕಿ. ಮಧ್ಯಾಹ್ನ ಎರಡರಿಂದ ನಾಲ್ಕರ ಹೊತ್ತಿಗೆ ‘ಕೊಮೀದಾ ಕೊರ್ರೀದಾ’ ಎಂದು ಸೂಪು, ಅನ್ನ, ಅಂದಿನ ಪಲ್ಯ ಅಥವಾ ಮಾಂಸ, ಪಾನಕ ಸೇರಿದ ಊಟ ಒಂದೇ ಬೆಲೆಗೆ ಸಿಗುತ್ತದೆ. ಬಿಲ್ ಕೇಳುವವರೆಗೆ ತರುವುದಿಲ್ಲ, ತಂದರೆ ಎದ್ದು ಹೋಗಿ ಎಂದಂತಾಗುತ್ತದೆ ಎಂಬ ಮರ್ಯಾದೆ. ‘ಲಾ ಕ್ವೆಂತಾ, ಪೋರ್ ಫವೋರ್’ ಎನ್ನಿ. ಟಿಪ್ಸ್ 10ರಿಂದ 15 ಶೇಕಡಾ. ಹೊರಡುವಾಗ ಪಕ್ಕದ ಟೇಬಲ್ಲಿನವರಿಗೆ ‘ಬ್ವೇನ್ ಪ್ರೊವೇಚೋ’ (ಚೆನ್ನಾಗಿ ಊಟ ಮಾಡಿ) ಎಂದು ಹೇಳಿ ಹೋಗುವುದು ವಾಡಿಕೆ. ಇಲ್ಲಿನ ಟಕೇರಿಯಾದಲ್ಲೂ ಹೇಳಿ ನೋಡಿ.

ಡಿಸೆಂಬರಿನಲ್ಲಿ ತಮಾಲೆ ತರಿಸಬೇಕು ಎನ್ನುತ್ತಾರಲ್ಲ, ಹೇಗೆ?

ಕ್ರಿಸ್‌ಮಸ್‌ಗೆ ಎಲ್ಲ ಮನೆಗಳಲ್ಲೂ ತಮಾಲೆ ಬೇಕು, ಹಾಗಾಗಿ ಮುಂಚಿತವಾಗಿಯೇ ಡಜನ್ ಲೆಕ್ಕದಲ್ಲಿ ಹೇಳಿಡಬೇಕು. ಮಾಸಾವನ್ನು ಮೆಕ್ಕೆಜೋಳದ ತೆನೆಯ ಸಿಪ್ಪೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸುತ್ತಾರೆ, ಸಿಪ್ಪೆ ಬಿಚ್ಚಿ ತಿನ್ನಬೇಕು. ಎಣ್ಣೆ ಹಾಕಿ ಮಾಡಿದ್ದು ಬೇಕಿದ್ದರೆ ಆಗಲೇ ಹೇಳಿ, ಕಾಳು ಅಥವಾ ರಾಹಾಸ್ ತುಂಬಿದ್ದು ಒಂದು ಡಜನ್, ದ್ರಾಕ್ಷಿ ಹಾಕಿದ ಸಿಹಿಯದು ಅರ್ಧ ಡಜನ್ ತರಿಸಿ. ಮಿಕ್ಕರೆ ಫ್ರೀಜರಿನಲ್ಲಿಟ್ಟು, ಬೇಕಾದಾಗ ಇಡ್ಲಿ ಪಾತ್ರೆಯ ಹಬೆಯಲ್ಲಿ ಬಿಸಿ ಮಾಡಿಕೊಳ್ಳಬಹುದು. ಜನವರಿ 6ಕ್ಕೆ ಅದೇ ಬಡಾವಣೆಯ ಬೇಕರಿಗಳಲ್ಲಿ ‘ರೋಸ್ಕಾ ದೆ ರೇಯೆಸ್’ ಎಂಬ ಬಳೆಯಾಕಾರದ ಸಿಹಿ ಬ್ರೆಡ್ ಮಾರುತ್ತಾರೆ, ಅದರೊಳಗೆ ಪುಟ್ಟ ಗೊಂಬೆ ಅಡಗಿರುತ್ತದೆ. ಯಾರ ತುಂಡಿನಲ್ಲಿ ಗೊಂಬೆ ಸಿಗುತ್ತದೋ ಅವರು ಫೆಬ್ರವರಿ 2ಕ್ಕೆ ಎಲ್ಲರಿಗೂ ತಮಾಲೆ ಕೊಡಿಸಬೇಕು. ಮಕ್ಕಳಿಗೆ ಕೊಡುವ ಮುಂಚೆ ತುಂಡಿನೊಳಗೆ ಒಮ್ಮೆ ನೋಡಿ ಕೊಡಿ.